ಎಲ್.ಸಿ. ಕೊಡಬೇಡಿ, ಮೈದಾನ ಬಿಡಿ

ನಮ್ಮ ತಾಲೂಕಿನ ಶಿಕ್ಷಣ ಕಚೇರಿಯ ದೊಡ್ಡ ಸಾಹೇಬರಿಗೆ,

ಮಾನ್ಯರೇ,

ಇವತ್ತು ಶ್ರಾವಣ ಸೋಮವಾರ, ನನ್ನದು ಒಪ್ಪತ್ತು. ಎಮ್ಮೆ ಹಿಂಡಿ, ಸಗಣಿ ಬಳಿದು, ಅಂಗಳಕ್ಕೆ ನೀರು ಹೊಡೆದು, ಜಳಕ ಮತ್ತು ಲಿಂಗಪೂಜೆ ಮುಗಿಸಿ, ಮನೆಯವರಿಗೆ ರೊಟ್ಟಿ ಬಡಿದಿಟ್ಟು ಈ ಪತ್ರಕ್ಕೆ ಕೂತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಸುಳ್ಳು ಬರೆಯಬಾರದು, ಬರೆಯುವುದೂ ಇಲ್ಲ. ನನ್ನ ತಕರಾರು ಇಷ್ಟು. ಬರುವ ಶನಿವಾರದೊಳಗೆ ನನ್ನ ವರ್ಗಾವಣೆ ಪ್ರಮಾಣಪತ್ರವನ್ನು, ಅಂದರೆ ನಮ್ಮ ಕಡೆ ಎಲ್.ಸಿ. ಎನ್ನುವ ಕಾಗದವನ್ನು, ನನ್ನ ಕೈಗೆ ಕೊಟ್ಟು ನನ್ನನ್ನು ಶಾಲೆಯಿಂದ ಬಿಡಿಸಬೇಕೆಂದು ನಿಮ್ಮ ಕಚೇರಿ ಆದೇಶ ಮಾಡಿದೆ. ನನಗೆ ಆ ಕಾಗದ ಬೇಡ. ನನ್ನ ವಯಸ್ಸು ಐವತ್ತು. ನಾನು ನಿಮ್ಮ ಸರಕಾರಿ ಶಾಲೆಯ ಆರನೇ ಇಯತ್ತೆಯ ವಿದ್ಯಾರ್ಥಿನಿ.

ನಗು ಬಂದರೆ ನಗಿ, ಆದರೆ ಪತ್ರವನ್ನು ಅರ್ಧಕ್ಕೆ ಮಡಚಿಡಬೇಡಿ. ನನ್ನ ಎರಡೂ ಮೊಣಕಾಲಿಗೆ ಸಂಧಿವಾತ. ಎರಡು ವರ್ಷದ ಹಿಂದೆ ಗೋಕಾಕದ ಎಲುಬಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲುಬಿನ ನಡುವಿನ ಗಾದಿ ಸವೆದಿದೆ ಎಂದರು. ಕೂತೇ ಇದ್ದರೆ ಕೀಲು ಹಿಡಿದುಕೊಳ್ಳುತ್ತದೆ, ನಡೆದರೆ ಸಡಿಲಾಗುತ್ತದೆ, ಆದರೆ ಗಟ್ಟಿ ನೆಲದ ಮೇಲೆ ನಡೆದರೆ ಪ್ರತಿ ಹೆಜ್ಜೆಯ ಪೆಟ್ಟೂ ಮೊಣಕಾಲಿಗೇ ಬೀಳುತ್ತದೆ ಎಂದು ಸಮಾಧಾನದಿಂದ ತಿಳಿಸಿ ಹೇಳಿದರು. “ಅವ್ವಾರ, ಸಿಮೆಂಟಿನ ಮ್ಯಾಲೆ ಬ್ಯಾಡ. ಹುಲ್ಲೋ ಮಣ್ಣೋ, ಮೆತ್ತನ ನೆಲ ನೋಡಿ ದಿನಾ ಮುಂಜಾನೆ ಅರ್ಧಾ ತಾಸು ಅಡ್ಡಾಡ್ರಿ.” ಮರೆಯುತ್ತೇನೆಂದು ಅದನ್ನೂ ಚೀಟಿಯಲ್ಲಿ ಬರೆಸಿಕೊಂಡೆ. ಔಷಧದ ಅಂಗಡಿಯವನು ಗುಳಿಗೆ ಕತ್ತರಿಸಿ ಕೊಟ್ಟು, ಕೊನೆಯ ಸಾಲನ್ನು ಎರಡು ಸಲ ಓದಿ, ಇದೊಂದು ನಮ್ಮಲ್ಲಿ ಸ್ಟಾಕ್ ಇಲ್ಲ ಎಂದ.

ಅವನು ಚೇಷ್ಟೆಗೆ ಅಂದದ್ದು. ಊರಿಗೆ ಬಂದು ಬಸ್ಸಿನಿಂದ ಇಳಿದಾಗ ಅದು ಖರೆ ಎಂದು ನನ್ನ ಮೊಣಕಾಲಿಗೆ ಗೊತ್ತಾಯಿತು. ನಮ್ಮದು ಮುಂದುವರಿದ ಊರು ಸಾಹೇಬರೇ. ಬಸ್‌ಸ್ಟ್ಯಾಂಡಿನಿಂದ ಓಣಿಯ ಕೊನೆಯ ಮನೆಯವರೆಗೆ ಸಿಮೆಂಟು. ಗುಡಿಯ ಸುತ್ತ ನುಣುಪಾದ ಫರಸಿ. ಸ್ಮಶಾನದ ದಾರಿಗೆ ಕೆಂಪು ಹಳದಿ ಪೇವರ್. ಸತ್ತವರ ಕಾಲಿಗೆ ಕೆಸರು ಹತ್ತಬಾರದೆಂಬ ಕಾಳಜಿ ದೊಡ್ಡದೇ, ಆದರೆ ಸತ್ತವರು ಹೆಗಲ ಮೇಲೆ ಹೋಗುತ್ತಾರಲ್ಲ? ಕಾಲುವೆಯ ದಂಡೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಲುವಾಗಿ ಖಡಿಕಲ್ಲು ಹಾಸಿದ್ದಾರೆ. ಹೊಲದಲ್ಲಿ ನಡೆಯಬಹುದಲ್ಲ ಎನ್ನುತ್ತೀರಿ. ನಮ್ಮದು ಎರೆ ಭೂಮಿ. ಮಳೆಯಾದರೆ ಹೂತ ಕಾಲು ಮೇಲೆ ಬರುವುದಿಲ್ಲ, ಬಿಸಿಲಾದರೆ ಬಿರುಕಿನಲ್ಲಿ ಹಿಮ್ಮಡಿ ಸಿಗುತ್ತದೆ, ಉಳಿದ ದಿನ ಕಬ್ಬಿನ ಕೂಳೆ ಚುಚ್ಚುತ್ತದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಒಕ್ಕಲುತನದ ಮನೆ ಸೇರಿದವಳು ಅರ್ಧ ತಾಸು ನಡೆಯಲು ಮಣ್ಣು ಹುಡುಕುತ್ತ ತಿರುಗಿದೆ.

ಕೊನೆಗೆ ಮನೆಯಲ್ಲಿದ್ದ ಆರು ಕೌದಿಗಳನ್ನು ಅಂಗಳದಲ್ಲಿ ದುಂಡಗೆ ಹಾಸಿ ಅವುಗಳ ಮೇಲೆ ಸುತ್ತತೊಡಗಿದೆ. ಮೂರನೆಯ ದಿನ ಬಾಜೂ ಮನೆಯ ಬಾಳವ್ವ ಬಂದು, ಏನು ಹರಕೆ ಎಂದು ಕೇಳದೆ, ಸೆರಗು ಹೊದ್ದು ನನ್ನ ಹಿಂದೆಯೇ ಸುತ್ತು ಹಾಕಿದಳು. ನಾನು ಬಾಯಲ್ಲಿ ಪಂಚಾಕ್ಷರಿ ಜಪಿಸುತ್ತಿದ್ದದ್ದೇ ತಪ್ಪಾಯಿತು. ಒಂದು ವಾರದಲ್ಲಿ ನಾಲ್ವರು ಹೆಂಗಸರು ಸಾಲಾಗಿ ಸುತ್ತುತ್ತಿದ್ದರು, ನಡುವಿನ ಕೌದಿಯ ಮೇಲೆ ಯಾರೋ ತೆಂಗಿನಕಾಯಿ ಒಡೆದಿದ್ದರು. ಸೊಸೆ ಸುಜಾತಾ, “ಅತ್ತೀ, ಇನ್ನ ಒಂದ ವಾರಾ ಬಿಟ್ರ ಇಲ್ಲಿ ಗುಡಿ ಆಕ್ಕೈತಿ, ನಾವ್ ಹೊದ್ಕೊಳ್ಳಾಕ ಏನ ಮಾಡೂದು” ಎಂದು ಕೌದಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹಾಗೆ ನಾನು ಶಾಲೆಯ ಮೈದಾನಕ್ಕೆ ಬಂದೆ. ಅದು ನಮ್ಮ ಓಣಿಯ ಹಿಂದೆಯೇ ಇದೆ. ಮಸಾರಿ ಮಣ್ಣು, ಮಳೆ ಬಿದ್ದರೆ ನೀರು ಇಂಗಿ ಹೋಗುತ್ತದೆ, ಮೇಲೆ ದಟ್ಟವಾಗಿ ಕರಕಿ ಹುಲ್ಲು ಹಬ್ಬಿದೆ. ಹೋದ ವರ್ಷ ಕಾರ್ತಿಕ ಮಾಸದಲ್ಲಿ ಶುರು ಮಾಡಿದೆ. ಶಾಲೆಯ ಗಂಟೆ ಬಾರಿಸುವುದಕ್ಕೆ ಎಷ್ಟೋ ಮೊದಲು ಹೋಗಿ, ಬರಿಗಾಲಲ್ಲಿ ನಡೆದು, ಬೀಳುವ ಮೊದಲ ಬಿಸಿಲಿಗೆ ಮನೆಗೆ ಬರುತ್ತಿದ್ದೆ. ಒಂದು ಮಾತು ನಿಮಗೆ ಹೇಳಬೇಕು. ಅದಕ್ಕೂ ಮೊದಲು ಒಂದು ವರ್ಷ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಲಿಂಗಪೂಜೆ ಮಾಡಿದ್ದೆ. ಏಳು ವರ್ಷದವಳಿದ್ದಾಗ ನೆಲದ ಮೇಲೆ ಪದ್ಮಾಸನ ಹಾಕಿ ಅಂಗೈಯಲ್ಲಿ ಲಿಂಗ ಹಿಡಿದವಳು, ಬೀಗರ ಮನೆಯಲ್ಲಿ ಚಹಾಕ್ಕೆ ಕೂತವರ ಹಾಗೆ ಕುರ್ಚಿಯಲ್ಲಿ ಕೂತು ವಿಭೂತಿ ಹಚ್ಚುತ್ತಿದ್ದೆ. ಅಂಗೈಯ ಲಿಂಗಯ್ಯ ಏನೂ ಅನ್ನಲಿಲ್ಲ. ನನಗೇ ದಿನಾ ಕಣ್ಣು ತುಂಬುತ್ತಿತ್ತು. ಮೈದಾನದಲ್ಲಿ ನಾಲ್ಕು ತಿಂಗಳು ನಡೆದ ಮೇಲೆ ಒಂದು ದಿನ ಮಣೆ ಹಾಕಿ ಮೆಲ್ಲಗೆ ಕೆಳಗೆ ಕೂತೆ. ಮೊಣಕಾಲು ಗೊಣಗಿದವು, ಆದರೆ ಮಡಚಿದವು. ಕುರ್ಚಿಯನ್ನು ಎಮ್ಮೆಯ ಕೊಟ್ಟಿಗೆಗೆ ಕಳಿಸಿದೆ. ಪದ್ಮಾಸನ ಇನ್ನೂ ಬಂದಿಲ್ಲ, ಬರುತ್ತದೆಂಬ ಭರವಸೆಯೂ ಇಲ್ಲ. ನೆಲ ಸಿಕ್ಕಿತಲ್ಲ, ಅಷ್ಟು ಸಾಕು.

ಜೂನ್ ತಿಂಗಳಲ್ಲಿ ಗೇಟಿಗೆ ಕೀಲಿ ಬಿತ್ತು. ಪಕ್ಕದಲ್ಲಿ ಹೊಸ ಫಲಕ: ಶಾಲೆಗೆ ಸಂಬಂಧಪಡದವರಿಗೆ ಪ್ರವೇಶವಿಲ್ಲ. ಸಂಜೆ ಹೊತ್ತಿನಲ್ಲಿ ಕೆಲವರು ಬಂದು ಕುಡಿದು ಇಸ್ಪೀಟು ಆಡುತ್ತಾರಂತೆ, ಅದಕ್ಕೆ ನಿಮ್ಮ ಆದೇಶ. ಆದೇಶ ಸರಿಯಾದದ್ದೇ. ಆದರೆ ಕುಡಿಯುವವರು ಗೋಡೆ ಹಾರಿ ಬರುತ್ತಾರೆ, ಅವರ ಮೊಣಕಾಲು ಗಟ್ಟಿಮುಟ್ಟಾಗಿವೆ. ಗೇಟಿನಿಂದ ಬರುತ್ತಿದ್ದವಳು ನಾನೊಬ್ಬಳೇ, ಕೀಲಿ ಬಿದ್ದದ್ದು ನನಗೊಬ್ಬಳಿಗೇ. ಮೂರು ವಾರದಲ್ಲಿ ಕುರ್ಚಿ ಕೊಟ್ಟಿಗೆಯಿಂದ ವಾಪಸು ಬಂತು.

ನಾನು ಗೋಡೆ ಹಿಡಿದುಕೊಂಡು ಮುಖ್ಯ ಶಿಕ್ಷಕಿ ವಿಜಯಲಕ್ಷ್ಮಿ ಅಕ್ಕೋರ ಕಡೆ ಹೋದೆ. ಒಳ್ಳೆಯ ಹೆಣ್ಣುಮಗಳು, ನಿಯಮಕ್ಕೆ ಅಂಜುವವರು. ಕೂಡಿಸಿ ನೀರು ಕೊಟ್ಟು, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಸಂಬಂಧಪಡದವಳು ಎಂದರೆ ಹೇಗೆ, ನಾನು ಕಲಿತದ್ದೂ ಇದೇ ಶಾಲೆಯಲ್ಲಿ ಎಂದೆ. ನನ್ನ ಸಮಾಧಾನಕ್ಕೆ ಅವರು ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದರು. ಹೆಸರಿತ್ತು, ಅಪ್ಪನ ಹೆಸರಿತ್ತು, ಹುಟ್ಟಿದ ತಾರೀಖಿತ್ತು. ಕೊನೆಯ ಎರಡು ಅಂಕಣ, ಅಂದರೆ ಶಾಲೆ ಬಿಟ್ಟ ದಿನ ಮತ್ತು ಬಿಟ್ಟ ಕಾರಣ, ಖಾಲಿ ಇದ್ದವು. ಅಕ್ಕೋರು ಹಾಳೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

“ಸುಂದ್ರವ್ವಾ, ನೀ ಇನ್ನೂ ಸಾಲಿ ಬಿಟ್ಟೇ ಇಲ್ಲಲ್ಲವಾ.”

ನನಗೂ ಆಗಲೇ ನೆನಪಾದದ್ದು. ಆರನೇ ಇಯತ್ತೆಯಲ್ಲಿದ್ದಾಗ ಅವ್ವ ಬಾಣಂತನಕ್ಕೆ ಹುಕ್ಕೇರಿ ಕಡೆಯ ತನ್ನ ತವರಿಗೆ ಹೋದಳು, ಹಿಡಕಲ್ ಅಣೆಕಟ್ಟಿನ ಹತ್ತಿರದ ಊರು. ಕೂಸಿನ ತೊಟ್ಟಿಲು ತೂಗಲು ನಾನೂ ಜೊತೆಗೆ ಹೋಗಬೇಕಾಗಿತ್ತು. ರಜಾ ಚೀಟಿಯಲ್ಲಿ ತಾಯಿಯ ಬಾಣಂತನ ಎಂದು ಬರೆದೆ. ಮಾಸ್ತರರು ಅದನ್ನು ಹರಿದು, ಜ್ವರ ಅಂತ ಬರಿ, ಬೇರೆ ಕಾರಣಕ್ಕೆ ರಜೆ ಕೊಡಲು ಬರುವುದಿಲ್ಲ ಎಂದರು. ಜ್ವರ ಎಂದು ಬರೆದೆ, ಹದಿನೈದು ದಿನ ಎಂದು ಬರೆದೆ, ತಮ್ಮ ವಿಧೇಯ ವಿದ್ಯಾರ್ಥಿನಿ ಎಂದು ಸಹಿ ಮಾಡಿದೆ. ರಜೆ ಮಂಜೂರಾಯಿತು. ಅದಾಗಿ ಮೂವತ್ತೆಂಟು ವರ್ಷ. ನಾನು ಎಲ್.ಸಿ. ಕೇಳಲಿಲ್ಲ, ಮುಂದೆ ಕಲಿಯದವಳಿಗೆ ಅದು ಯಾಕೆ ಬೇಕು? ನೀವು ಹೆಸರು ಹೊಡೆಯಲಿಲ್ಲ. ಆಮೇಲೆ ನನ್ನನ್ನು ಕೊಟ್ಟದ್ದು ಇದೇ ಊರಿನ ಸೋದರತ್ತೆಯ ಮಗನಿಗೆ, ಆದ್ದರಿಂದ ಶಾಲೆಯನ್ನು ದಿನಾ ನೋಡುತ್ತಲೇ ರಜೆ ಕಳೆದೆ. ಆ ಜ್ವರ ಸುಳ್ಳಾಗಿತ್ತು, ಈ ಉಪವಾಸದ ದಿನ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ಆವತ್ತಿನಿಂದ ಅಕ್ಕೋರು ಗೇಟು ತೆರೆಸಿದರು, ಸಂಬಂಧಪಟ್ಟವಳು ಎಂದು ಒಳಗೆ ಬಿಟ್ಟರು. ಆದರೆ ನಿಯಮಕ್ಕೆ ಅಂಜುವವರು ಎಂದೆನಲ್ಲ, ನಿಮ್ಮ ಕಚೇರಿಗೂ ಒಂದು ಪತ್ರ ಬರೆದು ತಿಳಿಸಿದರು. ನಿಮ್ಮ ಕಚೇರಿಗೆ ನನ್ನ ಮೊಣಕಾಲು ಕಾಣಲಿಲ್ಲ, ಬಹಳ ದಿನದಿಂದ ಗೈರುಹಾಜರಾದ ಒಂದು ಮಗು ಕಂಡಿತು. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರುವ ಮಲ್ಲೇಶ ಸರ್ ಎಂಬವರು ಫಾರ್ಮು, ಚೀಲ, ಎರಡು ನೋಟ್‌ಬುಕ್ಕು ಹಿಡಿದು ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ಸುಜಾತಾ ಇದ್ದಳು. ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಎಂದು ಅವಳಿಗೆ ಒಂದು ಉಪನ್ಯಾಸವಾಯಿತು. ಅವಳು ಸುಮ್ಮನೆ ಕೇಳಿ, “ತಗೊಂಡ ಹೋಗ್ರಿ ಸರ, ಅಲ್ಲಿ ಕಟ್ಟಿ ಮ್ಯಾಲೆ ಕುಂತ ಜ್ವಾಳಾ ಹಸನ ಮಾಡಾಕತ್ತೈತಿ ನೋಡ್ರಿ ಮಗು” ಎಂದು ನನ್ನನ್ನು ತೋರಿಸಿದಳು.

ಮಲ್ಲೇಶ ಸರ್ ಬಂದು ಕಟ್ಟೆಯ ಮೇಲೆ ಕೂತರು. ಪಾಪ, ಬಂದ ಮೇಲೆ ಫಾರ್ಮು ತುಂಬಲೇಬೇಕಂತೆ. ಹೆಸರು, ಎತ್ತರ, ತೂಕ ಕೇಳಿದರು. ಹಾಲು ಹಲ್ಲು ಬಿದ್ದಿವೆಯೇ ಎಂಬಲ್ಲಿ ಹೌದು ಎಂದು ಅವರೇ ಬರೆದುಕೊಂಡರು. ನನ್ನ ಮೊಮ್ಮಗಳು ಕಾಜಲ್ ಎರಡನೇ ಇಯತ್ತೆ, ಅಜ್ಜಿ ನನಗಿಂತ ಮುಂದಿದ್ದಾಳೆ ಎಂದು ಲೆಕ್ಕ ಹಾಕಿದಳು. ಎಲ್ಲರೂ ನಕ್ಕೆವು, ಸರ್ ಕೂಡ ನಕ್ಕರು. ಆಮೇಲೆ ಶಾಲೆ ಬಿಟ್ಟ ಕಾರಣದ ಸಾಲು ಬಂತು. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಹೊಲಮನೆ ಕೆಲಸ, ಬೇರೆ ಊರಿಗೆ ಹೋದದ್ದು, ಬಾಲ್ಯವಿವಾಹ. “ಯಾವದಕ್ಕ ಟಿಕ್ ಹಾಕ್ಲಿರಿ ಅವ್ವಾರ” ಎಂದರು.

“ಎಲ್ಲಾದಕ್ಕೂ ಹಾಕ್ರಿ” ಎಂದೆ.

ಅವರು ಫಾರ್ಮನ್ನು ನನ್ನ ಕಡೆ ತಿರುಗಿಸಿದರು. ಒಂದಕ್ಕೆ ಮಾತ್ರ ಹಾಕಲು ಬರುತ್ತದೆ ಎಂದು ಮೆಲ್ಲಗೆ ಹೇಳಿದರು. ಹಾಗಾದರೆ ನಿಮಗೆ ಅನುಕೂಲವಾದದ್ದಕ್ಕೆ ಹಾಕಿಕೊಳ್ಳಿ ಎಂದೆ. ಅವರು ಯಾವುದಕ್ಕೆ ಹಾಕಿದರೋ ನಾನು ನೋಡಲಿಲ್ಲ, ನಿಮ್ಮ ಕಡತದಲ್ಲಿರುತ್ತದೆ. ಚೀಲ ಮತ್ತು ನೋಟ್‌ಬುಕ್ಕು ಬಿಟ್ಟು ಹೋದರು. ಈ ಪತ್ರ ಬರೆಯುತ್ತಿರುವುದು ಆ ನೋಟ್‌ಬುಕ್ಕಿನ ಹಾಳೆಯಲ್ಲಿಯೇ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಆದೇಶ ಬಂತು. ಸದರಿ ವಿದ್ಯಾರ್ಥಿನಿಯ ಜನ್ಮ ವರ್ಷವನ್ನು ಗಣಕಯಂತ್ರ ಸ್ವೀಕರಿಸುತ್ತಿಲ್ಲ, ಆದ್ದರಿಂದ ಕೂಡಲೇ ವರ್ಗಾವಣೆ ಪ್ರಮಾಣಪತ್ರ ನೀಡಿ ದಾಖಲಾತಿ ಮುಕ್ತಾಯಗೊಳಿಸತಕ್ಕದ್ದು. ಅಂದರೆ ಯಂತ್ರಕ್ಕೆ ನಾನು ಹಿಡಿಸಲಿಲ್ಲ. ಕರೆದುತರಲು ಮನೆಗೆ ಬಂದವರು ನೀವು, ಬಂದೇನೆಂದರೆ ಬೇಡ ಎನ್ನುವವರೂ ನೀವು. ನಾನು ಬೆಂಚು ಕೇಳಿದೆನೇ? ಬಿಸಿಯೂಟಕ್ಕೆ ತಾಟು ಹಿಡಿದೆನೇ? ಮುಂಜಾನೆ ಅರ್ಧ ತಾಸು ಮಣ್ಣು ಕೇಳಿದೆ, ಯಾವ ಮಗುವೂ ಆಗ ಅದರ ಮೇಲೆ ಆಡುತ್ತಿರುವುದಿಲ್ಲ. ಎಲ್.ಸಿ. ಕೈಗೆ ಬಂದ ಗಳಿಗೆಯಿಂದ ನಾನು ಸಂಬಂಧಪಡದವಳು. ಗೇಟಿಗೆ ಕೀಲಿ, ಮನೆಗೆ ಕುರ್ಚಿ.

ಆ ಕಾಗದ ತಯಾರಾಗಿ ಅಕ್ಕೋರ ಮೇಜಿನ ಮೇಲಿದೆ, ನಾನು ಸಹಿ ಮಾಡುವುದೊಂದೇ ಬಾಕಿ. ಓದಿ ನೋಡಿದೆ. ನಡತೆ: ಉತ್ತಮ. ಅದಕ್ಕೆ ಉಪಕಾರ. ಶಾಲೆ ಬಿಟ್ಟ ಕಾರಣ: ಪಾಲಕರ ಇಚ್ಛೆಯ ಮೇರೆಗೆ. ಯಾವ ಪಾಲಕರು ಸಾಹೇಬರೇ? ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷ. ಅವ್ವನನ್ನು ಕೇಳಿದರೆ, ಆವಾಗ ಹದಿನೈದೇ ದಿನ ಅಂದಿದ್ದೆನಲ್ಲೇ ಎನ್ನುತ್ತಾಳೆ. ನನ್ನ ಇಚ್ಛೆಯನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ: ನಾನು ಶಾಲೆ ಬಿಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಎಲ್.ಸಿ. ರದ್ದು ಮಾಡಿ. ಯಂತ್ರ ಒಪ್ಪದಿದ್ದರೆ ಯಂತ್ರಕ್ಕೆ ಒಂದು ದಿನ ರಜೆ ಕೊಟ್ಟು, ನಿಮ್ಮ ಕೈಯಿಂದ ಆ ಹಳೆಯ ಪುಸ್ತಕದಲ್ಲಿ ಬರೆಯಿರಿ. ನಾನು ಕೇಳಿದ್ದು ಹದಿನೈದು ದಿನ, ತಡವಾಯಿತು, ಈಗ ಬಂದಿದ್ದೇನೆ. ನನ್ನ ಹೆಸರಿನ ಮುಂದೆ ಹಾಜರಿ ಹಾಕಿ. ಹಾಗೆಯೇ, ಆ ಮೈದಾನಕ್ಕೆ ಪೇವರ್ ಹಾಸುವ ಪುಣ್ಯದ ಯೋಚನೆ ಯಾರ ತಲೆಯಲ್ಲಿಯಾದರೂ ಬಂದರೆ ಮೊದಲು ಅವರ ಮೊಣಕಾಲಿನ ಎಕ್ಸ್‌ರೇ ತೆಗೆಸಿ.

ಉತ್ತರವನ್ನು ಶನಿವಾರದೊಳಗೆ ಕಳಿಸಿ. ನಮ್ಮೂರ ಅಂಚೆಯ ಮನೆ ಆ ತುದಿಗಿದೆ, ನಡುವೆ ಇರುವುದೆಲ್ಲ ಸಿಮೆಂಟು, ನಾನು ಅಲ್ಲಿಯವರೆಗೆ ನಡೆದು ಹೋಗಿ ಬಂದರೆ ಇಷ್ಟು ದಿನದ ಗಳಿಕೆ ಹೋಗುತ್ತದೆ. ಈ ಪತ್ರದ ಒಂದು ನಕಲನ್ನು ಪೇಪರಿಗೂ ಕಳಿಸುತ್ತಿದ್ದೇನೆ, ಅಲ್ಲಿ ಓದಿದ ನಮ್ಮೂರವರು ಯಾರಾದರೂ ದಯವಿಟ್ಟು ಆ ಉತ್ತರವನ್ನು ಇಸಿದುಕೊಂಡು ತಂದುಕೊಡಿ. ಮುಂಜಾನೆ ಬನ್ನಿ, ಮನೆಗೆ ಬೇಡ, ಮೈದಾನಕ್ಕೆ. ಗೇಟು ತೆರೆದಿದ್ದರೆ ಒಳಗೆ ಕರಕಿಯ ಮೇಲೆ ಇರುತ್ತೇನೆ. ಕೀಲಿ ಹಾಕಿದ್ದರೆ ಹೊರಗೆ ನಿಂತಿರುತ್ತೇನೆ, ಲಕೋಟೆ ಒಡೆಯುವ ತ್ರಾಸು ಬೇಡ, ಮನೆಗೆ ತಿರುಗಿ ಬರುವಾಗ ನನಗೆ ಹಿಡಿದುಕೊಳ್ಳಲು ಒಂದು ಕೈ ಕೊಡಿ.

ಇಂತಿ, ರಜೆ ಮುಗಿಸಿ ಬಂದು ಗೇಟಿನಲ್ಲಿ ನಿಂತಿರುವ
ತಮ್ಮ ವಿಧೇಯ ವಿದ್ಯಾರ್ಥಿನಿ
ಸುಂದ್ರವ್ವ, ಆರನೇ ಇಯತ್ತೆ
(ಈಗ ಜ್ವರ ಇಲ್ಲ)