ಹೆಪ್ಸಿಬಾಳ ಬಿಳಿ ರಿಬ್ಬನ್ನು

ಪೈಕ್ಸ್ ಬೆಂಡ್, ಓಹಾಯೊ
10 ಡಿಸೆಂಬರ್ 1933

ಮುದ್ದಿನ ನೆಟ್ಟಿ,

ಅಜ್ಜಿಯ ಪ್ರೀತಿ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಾನು ಶಾಲೆಗೆ ಹೋದದ್ದು ನಾಲ್ಕೇ ಚಳಿಗಾಲ. ಸಿಟ್ಟು ಬಂದಾಗಂತೂ ಅಕ್ಷರ ಕೈಗೆ ಹತ್ತುವುದಿಲ್ಲ. ತಡವಾಯಿತೆಂದು ಬೇಸರಿಸಬೇಡ.

ಮಂಗಳವಾರ ಪಾನನಿಷೇಧ ಹೋಯಿತು. ದೇಶಕ್ಕೆ ದೇಶವೇ ಹದಿನಾಲ್ಕು ವರ್ಷ ಪಾಪ ಎಂದದ್ದು ಒಂದೇ ಸಂಜೆಯಲ್ಲಿ ಪುಣ್ಯವಾಯಿತು. ಚರ್ಚಿನ ಗಂಟೆ ಬಾರಿಸಿದರು, ನಾಚಿಕೆಗೆಟ್ಟವರು! ಔಷಧಿ ಅಂಗಡಿಯ ಕ್ರಂಪ್ಟನ್ ನಡುಬೀದಿಯಲ್ಲಿ ಲೋಟ ಎತ್ತಿ, "ಹೆಪ್ಸಿ ಅಜ್ಜಿ, ಇನ್ನು ನಿಮ್ಮ ಬಿಳಿ ರಿಬ್ಬನ್ನಲ್ಲಿ ಬೂಟು ಕಟ್ಕೊಳ್ಳಿ" ಎಂದ. ಮದ್ಯ ವಿರೋಧಿ ಹೆಂಗಸರ ಸಂಘದ ಆ ರಿಬ್ಬನ್ನನ್ನು ಮೂವತ್ತು ವರ್ಷ ಎದೆಯ ಮೇಲೆ ಧರಿಸಿದವಳು ನಾನು. "ಕಟ್ತೀನಪ್ಪ, ಮೊದಲು ನಿನ್ನ ಬಾಯಿಗೆ" ಎಂದೆ.

ಅಷ್ಟಕ್ಕೇ ಬಿಟ್ಟರೇ? ನಿನ್ನಪ್ಪ ಊರುಗೋಲು ಹಿಡಿದು, ಮೊಣಕಾಲು ಎತ್ತಿ ಎತ್ತಿ ಪಾದ ಅಪ್ಪಳಿಸುತ್ತ ಬರುತ್ತಿದ್ದ. "ಬಾರೋ ವರ್ಜಿಲ್, ಇನ್ಮೇಲೆ ಶುಂಠಿ ಅರ್ಕ ಕದ್ದು ಕುಡಿಯೋ ಗತಿ ಇಲ್ಲ ನಿಂಗೆ!" ಎಂದು ನಕ್ಕರು. ಔಷಧಿಯ ಹೆಸರಲ್ಲಿ ಮಾರಿದರೂ ಆ ಅರ್ಕ ಬಹುಪಾಲು ಮದ್ಯವೇ, ನಿಷೇಧದ ಕಾಲದಲ್ಲಿ ಕುಡುಕರು ಕೊಳ್ಳುತ್ತಿದ್ದದ್ದು ಅದನ್ನೇ. ಮೂರು ವರ್ಷದ ಹಿಂದೆ ವಿಷ ಬೆರೆತ ಅರ್ಕ ಮಾರಿ ಅವನ ಕಾಲಿನ ಬಲ ತೆಗೆದ ಕ್ರಂಪ್ಟನ್ನೇ ಎಲ್ಲರಿಗಿಂತ ಜೋರಾಗಿ ನಕ್ಕ. ವರ್ಜಿಲ್ ಟೋಪಿ ಸರಿಮಾಡಿಕೊಂಡು, "ನಡಿಯಮ್ಮ, ಸೂಪು ಆರೋಗುತ್ತೆ" ಎಂದನಷ್ಟೆ.

ಅವರನ್ನೆಲ್ಲ ಬೈದು ಬಂದೆ. ಆದರೆ ನಿನ್ನ ಕಾಗದವೂ ಅದನ್ನೇ ಹೇಳುತ್ತದಲ್ಲೇ! ಕುಡಿದು ಕಾಲಿನ ಸ್ವಾಧೀನ ಕಳೆದುಕೊಂಡ ಅಪ್ಪನ ತೋಳು ಹಿಡಿದು ಚರ್ಚಿನಲ್ಲಿ ನಡೆಯಲಾರೆಯಂತೆ, ಮದುವೆಯ ದಿನ ಚಿಕ್ಕಪ್ಪನೇ ಕರೆದೊಯ್ಯಬೇಕಂತೆ. ತಾಯಿಯಿಲ್ಲದ ನಿನ್ನ ಜಡೆ ಹೆಣೆದದ್ದು ಯಾವ ಚಿಕ್ಕಪ್ಪ? ವರ್ಜಿಲ್ ಕಾಗದ ಓದಿ ಮಡಚಿಟ್ಟ. "ಅವಳಿಷ್ಟ ಅಮ್ಮ" ಎಂದ. ಆದರೂ ದಿನಾ ಬೆಳಗ್ಗೆ ಕೊಟ್ಟಿಗೆಯ ಹಲಗೆ ನೆಲದ ಮೇಲೆ ಸದ್ದಾಗದಂತೆ ಹೆಜ್ಜೆಯಿಡುವುದನ್ನು ಕಲಿಯುತ್ತಿದ್ದಾನೆ.

ದೇವರು ನಿಮ್ಮಿಬ್ಬರ ಒಲೆ ಆರದಂತೆ ಕಾಯಲಿ.

ನಿನ್ನ ಅಜ್ಜಿ,
ಹೆಪ್ಸಿಬಾ

ಮತ್ತೆ: ಇದು ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಶುಂಠಿ ಅರ್ಕ ಕೊಂಡು ತಂದವಳು ನಾನು. ಅವನಿಗೆ ಹೊಟ್ಟೆನೋವಿತ್ತು. ಡಾಕ್ಟರು ಚೀಟಿ ಬರೆದು ಕೊಡಿಸಿದ ವಿಸ್ಕಿಯನ್ನು ನನ್ನ ಮನೆಯಲ್ಲಿ ಬೇಡವೆಂದು ಚೆಲ್ಲಿದೆ. ಇದಾದರೆ ಔಷಧಿ ತಾನೇ ಎಂದು ಬಿಸಿನೀರಿಗೆ ಬೆರೆಸಿ ಮೂರು ದಿನ ನಾನೇ ಕುಡಿಸಿದೆ. ಸಂಘದಲ್ಲಿ ನನ್ನ ಮಾನ ಉಳಿಯಲೆಂದು ಅವನು ಕುಡುಕನೆನಿಸಿಕೊಂಡ. ನಾನು ಎನಿಸಿಕೊಳ್ಳಲು ಬಿಟ್ಟೆ. ಬೇಕೆಂದು ಒಂದು ಗುಟುಕೂ ಕುಡಿದವನಲ್ಲ ನಿನ್ನಪ್ಪ. ರಿಬ್ಬನ್ನು ಈ ಲಕೋಟೆಯಲ್ಲಿದೆ. ಮದುವೆಯ ದಿನ ಅವನ ಕೋಟಿಗೆ ನೀನೇ ಸಿಕ್ಕಿಸು.