ಅಣ್ಣನ ಬೇಸಿಗೆ ಅಂಗಿ

ಏಪ್ರಿಲ್ ೪, ಶುಕ್ರವಾರ

ಸೆಕೆ ಶುರುವಾಯಿತು. ಅಮ್ಮ ಗೋಡೆಯಿಂದ ಅಣ್ಣನ ಫೋಟೊ ಇಳಿಸಿಕೊಂಡು ನೇರವಾಗಿ ನನ್ನ ಸ್ಟುಡಿಯೊಗೇ ಬಂದುಬಿಟ್ಟಳು. ಕಳೆದ ಚಳಿಗಾಲದಲ್ಲಿ, ಅವನು ಸಾಯುವ ಮುಂಚೆ, ನಾನೇ ತೆಗೆದ ಫೋಟೊ.

"ಈ ಸೆಕೇಲಿ ಅವನಿಗೆ ಸ್ವೆಟರ್ ಯಾಕೋ? ತೆಗೆದುಬಿಡು."

"ಅಮ್ಮಾ, ಅದು ಫೋಟೊ."

"ಗೊತ್ತು ಕಣೋ, ನಂಗೇನು ತಲೆ ಕೆಟ್ಟಿಲ್ಲ. ಬಂದವರಿಗೆಲ್ಲ ಕಂಪ್ಯೂಟರಲ್ಲಿ ಕೋಟು ಹಾಕಿಕೊಡ್ತೀಯ. ಇವನಿಗೊಂದು ತೆಳು ಅಂಗಿ ಹಾಕೋಕೆ ಆಗಲ್ವಾ?"

ನನ್ನ ಬಿಳಿ ಅಂಗಿ ತೊಟ್ಟು, ಅವತ್ತು ಅವನು ಕೂತಿದ್ದ ಸ್ಟೂಲಿನ ಮೇಲೆ ಕೂತು ಫೋಟೊ ತೆಗೆದುಕೊಂಡೆ. ನನ್ನ ತಲೆ ಅಳಿಸಿ ಅವನದನ್ನು ಕೂರಿಸಿದೆ. ಎಷ್ಟು ಸಲೀಸಾಗಿ ಕೂತಿತು, ಹಾಳಾದ್ದು! ಇದನ್ನೂ ಕಲೆ ಅನ್ನುತ್ತಾರೆ.

ಫ್ರೇಮಿಗೆ ಹಾಕಿಕೊಟ್ಟೆ. ಅಮ್ಮ ಗಾಜಿನ ಮೇಲೆ ಕೈಯಾಡಿಸಿದಳು. "ಈಗ ಆರಾಮಾಗಿದಾನೆ. ಚಳಿ ಬಂದಾಗ ಸ್ವೆಟರ್ ವಾಪಸ್ ಹಾಕ್ಕೊಡು, ಮರೀಬೇಡ."

ಹೂಂ ಅಂದೆ. ಅಂದಿದ್ದೇ ಈಗ ಕೊರೆಯುತ್ತಿದೆ. ಚಳಿ ಬರುತ್ತದೆ, ಮತ್ತೆ ಸೆಕೆ ಬರುತ್ತದೆ, ಅಮ್ಮನೂ ಫೋಟೊ ಹಿಡಿದು ಬರುತ್ತಾಳೆ. ಅವನ ಮುಖಕ್ಕೆ ಇನ್ನು ವಯಸ್ಸಾಗುವುದಿಲ್ಲ. ನನ್ನ ಭುಜ ಜೋಲುತ್ತದೆ, ಕತ್ತು ಸುಕ್ಕುಗಟ್ಟುತ್ತದೆ. ಇನ್ನೆರಡು ವರ್ಷ ಕಳೆದರೆ ನಾನೇ ಅವನಿಗೆ ಅಣ್ಣ. ಒಂದಲ್ಲ ಒಂದು ಬೇಸಿಗೆಯಲ್ಲಿ ಆ ತಲೆ ನನ್ನ ಮೈಮೇಲೆ ಕೂರುವುದಿಲ್ಲ. ಅವತ್ತು ಅಮ್ಮನಿಗೆ ಏನಂತ ಹೇಳಲಿ?