ಒಂಟಿ ಚುಕ್ಕಿಯ ನಿಯಮ

ಬೈಲಹೊಂಗಲ
೧೨ ಜನವರಿ ೨೦೨೬

ನನ್ನ ಅವ್ವನಿಗೆ,

ನಿನ್ನ ಜ್ಯೋತ್ಸ್ನಾ ಕಾಲಿಗೆರಗಿ ಬರೆಯುವುದು. ಫೋನಿನಲ್ಲಿ ಹೇಳಹೋದರೆ ಕುಕ್ಕರಿನ ನೆಪ ಮಾಡಿ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ.

ದೀಪಾವಳಿಗೆ ಸವದತ್ತಿಗೆ ಬಂದಾಗ ನಿನ್ನ ಮೊಬೈಲಿನಲ್ಲಿ ಒಂದು ವೆಬ್ ಪುಟ ತೆರೆದು ಕೊಟ್ಟಿದ್ದೆನಲ್ಲ, ಕಾಲೇಜಿನ ಮಕ್ಕಳಿಗೆ ಕಲಿಸಲೆಂದು ನಾನೇ ಕಟ್ಟಿದ್ದು. ಪರದೆ ತುಂಬ ಚೌಕದ ಮನೆಗಳು. ಪ್ರತಿ ಮನೆಯೂ ಸುತ್ತಲಿನ ಎಂಟು ಮನೆಗಳನ್ನು ನೋಡಿ, ಮರುಗಳಿಗೆ ತಾನು ಬೆಳಗಬೇಕೋ ಆರಬೇಕೋ ನಿರ್ಧರಿಸುತ್ತದೆ. ನಾಲ್ಕಾರು ಚುಕ್ಕಿ ಒಟ್ಟಿಗಿಡು ಎಂದು ಹೇಳುವುದನ್ನೇ ಮರೆತೆ. ನೀನು ರಂಗೋಲಿಗೆ ಕೂತವರ ರೂಢಿಯಂತೆ ನಟ್ಟನಡುವೆ ಒಂದೇ ಚುಕ್ಕಿ ಇಟ್ಟು ಶುರು ಒತ್ತಿದೆ. ಅದು ಫಕ್ಕನೆ ಆರಿಹೋಯಿತು.

"ಒಂಟಿ ಇದ್ದದ್ದು ಆರಿಹೋಗಬೇಕಂತ ನೀನೂ ಬರದೀಯಲಾ? ನಿಮ್ಮ ಕಾಕೂನೂ ಹಿಂಗ ಅಂದಿದ್ಲು" ಎಂದು ಹೇಳಿ ನೀನು ಮೊಬೈಲು ಕೆಳಗಿಟ್ಟೆ. ಅಪ್ಪ ಹೋದ ಮೇಲೆ, ಗಂಡನಿಲ್ಲದವಳು ಹೊಸ್ತಿಲಿಗೆ ರಂಗೋಲಿ ಹಾಕಬಾರದು ಎಂಬ ನಿನ್ನ ವಾರಗಿತ್ತಿ ಕಾಕುವಿನ ಮಾತಿಗೆ ರಂಗೋಲಿ ಪುಡಿಯ ಬಟ್ಟಲನ್ನೇ ಎತ್ತಿಟ್ಟವಳು ನೀನು. ನನಗೆ ಅಳು ಬಂತು, ಸಿಟ್ಟೂ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನೀನು ಚೌಕಕ್ಕೆ ಚುಕ್ಕಿ ಇಡುವವಳೇ ಅಲ್ಲ. ನಿನ್ನದು ಸಂದುಚುಕ್ಕಿ, ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಕೆಳಗೊಂದು. ಹಾಗಿಟ್ಟರೆ ಒಂದು ಚುಕ್ಕಿಗೆ ನೆರೆಯವರು ಆರೇ. ಪುಟವನ್ನೆಲ್ಲ ಅಳಿಸಿ ಹಾಗೆಯೇ ಕಟ್ಟಿದೆ. ನಿಯಮವನ್ನೂ ಬದಲಿಸಿದೆ: ಹೊತ್ತಿದ ಚುಕ್ಕಿ ಆರುವಂತಿಲ್ಲ. ಖಾಲಿ ಜಾಗದ ಪಕ್ಕದಲ್ಲಿ ಒಂದೇ ಒಂದು ಚುಕ್ಕಿ ಹೊತ್ತಿದ್ದರೆ ಆ ಜಾಗವೂ ಹೊತ್ತಿಕೊಳ್ಳಬೇಕು, ಹೆಚ್ಚಿದ್ದರೆ ಸುಮ್ಮನಿರಬೇಕು.

ನಡುವೆ ಒಂದೇ ಚುಕ್ಕಿ ಇಟ್ಟೆ. ಸುತ್ತ ಆರು ದಳ ಬಿಚ್ಚಿದವು. ದಳಕ್ಕೊಂದು ಕಡ್ಡಿ ಮೂಡಿತು, ಕಡ್ಡಿಗಳು ಟಿಸಿಲೊಡೆದವು, ಪರದೆಯ ಅಂಚಿನವರೆಗೂ ಹಬ್ಬಿದವು. ಒಂದೂ ಸೊಟ್ಟಗಿಲ್ಲ! ನಾನು ಬರೆದದ್ದು ಆ ಪುಟ್ಟ ನಿಯಮ ಮಾತ್ರ, ಅವ್ವ. ಹೂವನ್ನು ನಾನು ಬರೆದಿಲ್ಲ. ಅಲ್ಲಿಯವರೆಗೆ ಅದು ಎಲ್ಲಿತ್ತು? ಮೈ ಜುಮ್ಮೆಂದು ಕೈಮುಗಿದುಬಿಟ್ಟೆ. ನನ್ನ ಜೊತೆ ಪಾಠ ಮಾಡುವ ಜೀನತ್ ಬಗ್ಗಿ ನೋಡಿ, "ಇಷ್ಟು ಚಂದ ಯಾರ್ ತಗದಾರ?" ಎಂದಳು. ಎಲ್ಲ ಅಳಿಸಿ, ಅವಳೆದುರಿಗೇ ಮತ್ತೆ ಒಂದೇ ಚುಕ್ಕಿ ಇಟ್ಟು ತೋರಿಸಿದೆ.

ರಥಸಪ್ತಮಿಯಂದು ಇಲ್ಲಿ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸುತ್ತೇನೆ. ಹೊಸ್ತಿಲಿಗೆ ನಿನ್ನ ಕೈಯ ರಂಗೋಲಿಯೇ ಆಗಬೇಕು. ಕಾಕು ಏನೆಂದರೂ ಅನ್ನಲಿ, ನೀನು ಬಾ.

ನಿನ್ನ ದಾರಿ ನೋಡುವ ಮಗಳು,
ಜ್ಯೋತ್ಸ್ನಾ

ತಾ.ಕ.: ಅಳಿಯಂದಿರು ಹೇಗಿದ್ದಾರೆ ಎಂದು ಇನ್ನು ಕೇಳಬೇಡ. ಅಭಿಜಿತ ಮತ್ತು ನಾನು ದಸರೆಯ ಹೊತ್ತಿಗೇ ಬೇರೆಯಾದೆವು. ಅದನ್ನು ಹೇಳಲೆಂದೇ ದೀಪಾವಳಿಗೆ ಬಂದಿದ್ದೆ. ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ. ಹೊಸ ಮನೆಯಲ್ಲಿ ಇರುವವಳು ನಾನೊಬ್ಬಳೇ. ನೀನು ಬಂದು ಹಾಕದಿದ್ದರೆ, ಆ ಹೊಸ್ತಿಲಿಗೆ ರಂಗೋಲಿ ಹಾಕಲು ನನಗೂ ಧೈರ್ಯ ಸಾಲದು.